ಅಣ್ಣಾವ್ರ ಊರಿಗೆ ತಮಿಳುನಾಡಿನ ಟಿಕೆಟ್ಟು!

"ಗಜನೂರು ಎಲ್ಲಿದೆ?" ಅಂತ ನಮ್ಮ ಪೈಕಿ ಹತ್ತು ಜನ ಹುಡುಗರನ್ನು ನಿಲ್ಲಿಸಿ ಕೇಳಿ ನೋಡಿ. ಒಂಬತ್ತು ಜನ ಎದೆ ಉಬ್ಬಿಸಿ, "ಅಣ್ಣಾವ್ರ ಊರು ಸಾರ್, ಚಾಮರಾಜನಗರದ ಹತ್ರ" ಅಂತಾರೆ. ಹತ್ತಿರ, ನಿಜ. ಆದರೆ ಚಾಮರಾಜನಗರ ಜಿಲ್ಲೆಯಲ್ಲಿ ಅಲ್ಲ ಸ್ವಾಮಿ. ಕರ್ನಾಟಕದಲ್ಲೇ ಅಲ್ಲ! ಕನ್ನಡದ ವರನಟ ಹುಟ್ಟಿದ ಊರು ಇರುವುದು ತಮಿಳುನಾಡು ರಾಜ್ಯದ ಈರೋಡ್ ಜಿಲ್ಲೆಯ ತಾಳವಾಡಿ ತಾಲ್ಲೂಕಿನಲ್ಲಿ.

ಇದು ಗೊತ್ತಿಲ್ಲದೆ ನಾನೊಂದು ತಪ್ಪು ಮಾಡಿದ್ದೆ. ಆಗ ನನಗೆ ಹದಿನಾಲ್ಕು ವರ್ಷ. ಆ ತಪ್ಪಿನ ದೆಸೆಯಿಂದಲೇ ಇಪ್ಪತ್ತೈದು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಅದೇನು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಬಸ್ಸು ಹತ್ತೋಣ ಬನ್ನಿ, ತಮ್ಮಂದಿರೇ.

ಗಡಿ ಎಲ್ಲಿ ದಾಟಿತು?

ನಾನು ಮಳವಳ್ಳಿ ಕಡೆಯವನು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ಹಾದು, ದಿಂಬಂ ಘಾಟಿ ಇಳಿದು ಸತ್ಯಮಂಗಲ, ಕೊಯಮತ್ತೂರು ಸೇರುವ ಹೆದ್ದಾರಿ ನಮ್ಮೂರಿನ ನಡುವೆಯೇ ಹೋಗುತ್ತದೆ. ಚಿಕ್ಕಂದಿನಲ್ಲಿ ಅದರ ಪಕ್ಕ ಗೋಲಿ ಆಡಿದವರು ನಾವು. ಈ ದಾರಿ ಹಿಡಿದು ಹೋದರೆ ಅಣ್ಣಾವ್ರ ಊರು ಸಿಗುತ್ತದೆ ಅಂತ ಆಗ ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ ಹೊರಟವನು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದು ತಾಳವಾಡಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಅಷ್ಟೇ. ಎರಡೂ ಕಡೆ ಅರಿಶಿನದ ಹೊಲ, ಬಾಳೆ ತೋಟ, ದೂರದಲ್ಲಿ ನೀಲಿ ಬೆಟ್ಟದ ಸಾಲು. ಗಡಿ ಬಂದರೆ ಏನೋ ಆಗುತ್ತದೆ ಅಂತ ಕಣ್ಣು ನೆಟ್ಟು ಕೂತಿದ್ದೆ. ಏನೂ ಆಗಲಿಲ್ಲ! ಮಣ್ಣಿನ ಬಣ್ಣ ಬದಲಾಗಲಿಲ್ಲ. ಹೆಂಗಸರ ಮಾತು ಬದಲಾಗಲಿಲ್ಲ. ಕಲ್ಲಿನ ಮೇಲಿನ ಅಕ್ಷರ ಮಾತ್ರ ತಮಿಳಾಯಿತು.

"ಗಡಿ ಯಾವಾಗ ದಾಟಿತಣ್ಣಾ?" ಅಂತ ಪಕ್ಕದಲ್ಲಿದ್ದವರನ್ನು ಕೇಳಿದೆ.

"ಅವಾಗ್ಲೇ ಆಯ್ತಲ್ಲ. ನಮ್ಗೇ ಗೊತ್ತಾಗಲ್ಲ, ನಿಮ್ಗೆ ಎಲ್ಲಿ ಗೊತ್ತಾದ್ದು ಸಾ" ಅಂದು ಅವರು ನಕ್ಕರು.

ಅಪ್ಪನ ಊರು ಈಚೆ, ಹುಟ್ಟೂರು ಆಚೆ

ಈ ಗಡಿಯ ಕಥೆ ಸ್ವಲ್ಪ ಕೇಳಿ. ಬ್ರಿಟಿಷರ ಕಾಲದಲ್ಲಿ ಚಾಮರಾಜನಗರ ಮೈಸೂರು ಮಹಾರಾಜರ ಸೀಮೆ. ಕೊಳ್ಳೇಗಾಲ ಮತ್ತು ತಾಳವಾಡಿ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1929ರ ಏಪ್ರಿಲ್ 24ರಂದು ಮುತ್ತುರಾಜ ಎಂಬ ಕೂಸು ಹುಟ್ಟಿದಾಗ ಇದ್ದ ನಕ್ಷೆ ಇದು. ತಂದೆ ಕೊಳ್ಳೇಗಾಲ ಬಳಿಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು, ರಂಗಭೂಮಿಯ ನಟರು. ತಾಯಿ ಲಕ್ಷ್ಮಮ್ಮನವರು. ಹೊಟ್ಟೆಗೂ ಬಟ್ಟೆಗೂ ತಾಪತ್ರಯದ ಸಂಸಾರ.

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಹೊಸದಾಗಿ ಮೂಡಿದವು. ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಅಣ್ಣಾವ್ರ ಅಪ್ಪನ ಊರು ಗಡಿಯ ಈಚೆಗೆ, ಹುಟ್ಟೂರು ಆಚೆಗೆ! ಅಷ್ಟರಲ್ಲಿ ಮುತ್ತುರಾಜ ಎರಡು ವರ್ಷದ ಹಿಂದೆಯೇ, 1954ರಲ್ಲಿ, 'ಬೇಡರ ಕಣ್ಣಪ್ಪ'ನಾಗಿ, ನಿರ್ದೇಶಕ ಎಚ್.ಎಲ್.ಎನ್. ಸಿಂಹ ಇಟ್ಟ ಹೆಸರಿನಿಂದ ರಾಜ್‌ಕುಮಾರ್ ಆಗಿಬಿಟ್ಟಿದ್ದರು. ಕನ್ನಡದ ತೆರೆಗೆ ಸಿಕ್ಕಿದ ಕುಡಿ ಕನ್ನಡದ ನಕ್ಷೆಗೆ ಸಿಗಲಿಲ್ಲ ನೋಡಿ.

1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ಪೆರಿಯಾರ್ ಜಿಲ್ಲೆ ಆಯಿತು. ಅದೇ ಮುಂದೆ ಈರೋಡ್ ಜಿಲ್ಲೆ. ತಾಳವಾಡಿ ಬಹುಕಾಲ ಸತ್ಯಮಂಗಲ ತಾಲ್ಲೂಕಿನ ಬಾಲವಾಗಿತ್ತು. ಸಣ್ಣ ಕಾಗದಕ್ಕೂ ಕಾಡು ದಾಟಿ, ಘಾಟಿ ಇಳಿದು ಹೋಗಬೇಕಾಗಿತ್ತು. 2016ರಲ್ಲಿ ಅದೇ ಒಂದು ತಾಲ್ಲೂಕಾಯಿತು. ಆದರೂ ಜಿಲ್ಲಾ ಕಛೇರಿಗೆ ಇವತ್ತೂ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಚಾಮರಾಜನಗರವೋ, ಕೂಗಿದರೆ ಕೇಳುವ ಹಾಗಿದೆ!

ಸಂತೆಯ ದಿನ ತಾಳವಾಡಿ

ನಾನು ಇಳಿದದ್ದು ಸಂತೆಯ ದಿನ. ಬಸ್ ಸ್ಟ್ಯಾಂಡಿನಿಂದಲೇ ಗದ್ದಲ ಶುರು. ಎಲೆಕೋಸಿನ ರಾಶಿ, ಟೊಮ್ಯಾಟೊ ಕ್ರೇಟು, ಈರುಳ್ಳಿ ಮೂಟೆ, ಬಾಳೆಗೊನೆ. ಅಂಗಡಿ ಬೋರ್ಡುಗಳಲ್ಲಿ ಮೇಲೆ ತಮಿಳು, ಕೆಳಗೆ ಕನ್ನಡ. ಗೋಡೆಯ ಮೇಲೆ ಚೆನ್ನೈ ಹೀರೋ ಒಬ್ಬನ ಪೋಸ್ಟರು. ಅದರ ಪಕ್ಕ ಚಹಾ ಅಂಗಡಿಯಲ್ಲಿ ಗಂಧದ ಹಾರ ಹಾಕಿದ ಅಣ್ಣಾವ್ರ ಫೋಟೋ, ಕೆಳಗೆ ಅಪ್ಪು ಫೋಟೋ. ಯಾರೂ ಯಾರಿಗೂ ಅಡ್ಡ ಬಂದಿರಲಿಲ್ಲ.

ಮಾತು ಕೇಳಲು ಮಾತ್ರ ಎರಡು ಕಿವಿ ಸಾಲದು. ಕೋಸು ಮಾರುವ ಅಮ್ಮ ಎಣಿಸುವುದು ಕನ್ನಡದಲ್ಲಿ. ಘಾಟಿ ಕೆಳಗಿನಿಂದ ಬಂದ ವ್ಯಾಪಾರಿಯ ಜೊತೆ ಚೌಕಾಶಿ ತಮಿಳಿನಲ್ಲಿ. ಅವನು ಆಚೆ ಹೋದ ಮೇಲೆ ಬೈಯುವುದು ಮತ್ತೆ ಕನ್ನಡದಲ್ಲಿ! ಬೆಟ್ಟದ ಹಾಡಿಗಳಿಂದ ಬಂದ ಸೋಲಿಗರು, ಊರಾಳಿಗಳು ತಮ್ಮ ಮಾತಿನಲ್ಲೇ ಮಾತಾಡುತ್ತ ಉಪ್ಪು, ಬಟ್ಟೆ ಕೊಳ್ಳುತ್ತಿದ್ದರು.

ಚಹಾ ಅಂಗಡಿಯಲ್ಲಿ ಒಬ್ಬ ಹುಡುಗ ಸಿಕ್ಕಿದ. ಓದಿದ್ದು ಕನ್ನಡ ಮಾಧ್ಯಮ. "ಸಿನಿಮಾ ಎಲ್ಲಿ ನೋಡ್ತೀಯಪ್ಪಾ?" ಅಂದೆ.

"ಕನ್ನಡ ಪಿಚ್ಚರ್ ಆದ್ರೆ ಚಾಮ್ರಾಜ್‌ನಗರ, ತಮಿಳ್ ಆದ್ರೆ ಸತ್ಯಮಂಗಲ. ಎರಡೂ ಫಸ್ಟ್ ಡೇ ನೋಡ್ತೀನಿ ಅಣ್ಣ!"

ಅದೃಷ್ಟವಂತ ಅಂದುಕೊಂಡೆ. ಆದರೆ ಅವನ ಮುಂದಿನ ಮಾತು ಕೇಳಿ ನಗು ನಿಂತಿತು. "ಕೆಲಸಕ್ಕೆ ಅರ್ಜಿ ಹಾಕೋವಾಗ ಅಣ್ಣ... ಇಲ್ಲಿ ನನ್ನ ತಮಿಳು ಸಾಲ್ದು ಅಂತಾರೆ. ಅಲ್ಲಿಗ್ ಬಂದ್ರೆ, ನೀನು ತಮಿಳುನಾಡಿನವ್ನು ಅಂತಾರೆ."

2006ರಲ್ಲಿ ತಮಿಳುನಾಡು ಸರ್ಕಾರ ಶಾಲೆಗಳಲ್ಲಿ ತಮಿಳು ಕಲಿಕೆಯನ್ನು ಕಡ್ಡಾಯ ಮಾಡಿ ಕಾಯ್ದೆ ತಂದಿತು. ಕನ್ನಡ, ತೆಲುಗು, ಉರ್ದು, ಮಲಯಾಳ ಮನೆಮಾತಿನ ಮಕ್ಕಳ ಪ್ರಶ್ನೆ ಕೋರ್ಟಿನವರೆಗೂ ಹೋಯಿತು. ರಾಜ್ಯದ ಭಾಷೆ ಕಲಿಯಬೇಡಿ ಅಂತ ಯಾರೂ ಹೇಳುವುದಿಲ್ಲ. ನಾವೂ ನಮ್ಮ ಕಡೆ ಅದನ್ನೇ ಕೇಳುತ್ತೇವಲ್ಲ! ಆದರೆ ಎರಡು ಭಾಷೆ ಬಲ್ಲ ಹುಡುಗ ಎರಡೂ ಕಡೆ ಅರ್ಧ ಮನುಷ್ಯನಾಗುವುದು ಯಾವ ನ್ಯಾಯ?

ಆನೆಗೂ ಸುಂಕ!

ತಾಳವಾಡಿ ಬೆಟ್ಟಗಳ ಮೇಲಿನ ಬಯಲು. ಸುತ್ತ ಕಾಡು. 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ವಿಸ್ತೀರ್ಣ 1,400 ಚದರ ಕಿಲೋಮೀಟರಿಗೂ ಹೆಚ್ಚು. ಕೆಳಗಿನ ಸೀಮೆಗೆ ಇಳಿಯಬೇಕಾದರೆ ಹಾಸನೂರು, ದಿಂಬಂ ದಾಟಿ ಬಣ್ಣಾರಿಯವರೆಗೆ 27 ತಿರುವು. ನಮ್ಮ ಸ್ಟಂಟ್ ಮಾಸ್ಟರುಗಳು ನೋಡಿದರೆ ಬೆಚ್ಚುವ ತಿರುವುಗಳು! ಕೆಳಗೆ ಬಣ್ಣಾರಿ ಮಾರಿಯಮ್ಮನಿಗೆ ಕೈ ಮುಗಿಯದೆ ಯಾವ ಡ್ರೈವರನೂ ಮುಂದೆ ಹೋಗುವುದಿಲ್ಲ.

ಇಲ್ಲಿ ಬೆಳೆದ ಕಬ್ಬು ಲಾರಿಯಲ್ಲಿ ಘಾಟಿ ಇಳಿದು ಸತ್ಯಮಂಗಲದ ಕಡೆಯ ಕಾರ್ಖಾನೆಗೆ ಹೋಗುತ್ತದೆ. ಹಾಸನೂರಿನ ಹತ್ತಿರ ರಸ್ತೆಯಲ್ಲಿ ಆನೆಗಳು ಮರಿಗಳ ಸಮೇತ ಕಾದು ನಿಲ್ಲುವುದುಂಟು. ಲಾರಿ ನಿಂತರೆ ನಾಲ್ಕು ಜಲ್ಲೆ ಎಳೆದುಕೊಂಡು ದಾರಿ ಬಿಡುತ್ತವೆ. ಸರ್ಕಾರದ ಸುಂಕ ಬೇರೆ, ಗಣಪತಿಯ ಸುಂಕ ಬೇರೆ! ಕೇಳಲು ತಮಾಷೆ. ಆದರೆ ರಾತ್ರಿ ಅದೇ ಆನೆ ರಾಗಿ ಹೊಲಕ್ಕೆ ಇಳಿದರೆ ಅಟ್ಟಣೆ ಮೇಲೆ ನಿದ್ದೆಗೆಟ್ಟು ಕೂತ ರೈತನಿಗೆ ತಮಾಷೆಯಲ್ಲ.

ಇನ್ನೊಂದು ಕಷ್ಟ ರಸ್ತೆಯದು. ಗಾಡಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತವೆಂಬ ಕಾರಣಕ್ಕೆ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ತರಕಾರಿ ಎಂದರೆ ಸಂಜೆ ಕಿತ್ತು, ರಾತ್ರಿ ಸಾಗಿಸಿ, ಬೆಳಗಿನ ಮಾರ್ಕೆಟ್ಟಿಗೆ ಮುಟ್ಟಿಸುವ ಸರಕು. ರಾತ್ರಿ ದಾರಿ ಮುಚ್ಚಿದರೆ ಕೋಸು ಬಾಡುತ್ತದೆ, ರೇಟು ಬೀಳುತ್ತದೆ. ತಾಳವಾಡಿಯ ಜನ ಬೀದಿಗಿಳಿದರು. ಆಮೇಲೆ ಸ್ಥಳೀಯರಿಗೆ ಒಂದಷ್ಟು ಸಡಿಲಿಕೆಯೂ ಸಿಕ್ಕಿತು. ಹುಲಿಗೂ ದಾರಿ ಬೇಕು, ಕೋಸಿಗೂ ದಾರಿ ಬೇಕು. 'ಬಂಗಾರದ ಮನುಷ್ಯ' ನೋಡಿ ಶಿಳ್ಳೆ ಹೊಡೆದು ಬಂದ ನಾವು, ಬೆಳೆದ ಮೇಲೆ ಮಾರುವುದು ಹೇಗೆಂಬ ಸಿನಿಮಾ ನೋಡಿಲ್ಲ ಸ್ವಾಮಿ.

ನಾನು ಎಸೆದ ಕಲ್ಲು

ಈಗ ನನ್ನ ಕಥೆ.

2000ದ ಜುಲೈ 30, ಭಾನುವಾರ ರಾತ್ರಿ. ಗಜನೂರಿನ ತೋಟದ ಮನೆಗೆ ನುಗ್ಗಿದ ವೀರಪ್ಪನ್ 71 ವರ್ಷದ ಅಣ್ಣಾವ್ರನ್ನು, ಅಳಿಯ ಗೋವಿಂದರಾಜು ಮತ್ತು ಇನ್ನಿಬ್ಬರ ಸಮೇತ ಕಾಡಿಗೆ ಕರೆದೊಯ್ದ. ಸೋಮವಾರ ಬೆಳಗಾಗುವಷ್ಟರಲ್ಲಿ ಸುದ್ದಿ ನಮ್ಮೂರು ಮುಟ್ಟಿತ್ತು. ಅಂಗಡಿಗಳು ಮುಚ್ಚಿದವು. ಟೈರುಗಳು ಉರಿದವು. ನಾವು ಹುಡುಗರು ಹೆದ್ದಾರಿಯಲ್ಲಿ ನಿಂತೆವು. "ತಮಿಳುನಾಡಿನೋರು ನಮ್ಮ ಅಣ್ಣಾವ್ರನ್ನ ಹೊತ್ಕೊಂಡು ಹೋದ್ರು" ಎಂಬುದೊಂದೇ ನಮ್ಮ ತಲೆಯಲ್ಲಿ.

ಆಗ ಬಂತು ಒಂದು ಲಾರಿ. ಟಿ.ಎನ್. ನಂಬರು. ಮೇಲೆ ಎಲೆಕೋಸಿನ ಲೋಡು. ಯಾರೋ "ಹೊಡೀರೋ!" ಅಂದರು. ಮೊದಲ ಕಲ್ಲು ನನ್ನದು. ಮುಂದಿನ ಗಾಜು ಪುಡಿಯಾಯಿತು. ಒಳಗೆ ಕ್ಲೀನರ್ ಹುಡುಗ, ನನ್ನದೇ ವಯಸ್ಸು, ಹಣೆ ಹಿಡಿದುಕೊಂಡ. ಬೆರಳ ಸಂದಿಯಿಂದ ರಕ್ತ.

ಡ್ರೈವರ್ ಕೆಳಗಿಳಿದು ಕೈ ಮುಗಿದ. ಅವನ ಬಾಯಿಂದ ಬಂದದ್ದು ಕನ್ನಡ! "ಹೊಡೀಬ್ಯಾಡಿ ಕನ್ರಪ್ಪಾ... ನಮ್ದು ತಾಳವಾಡಿ... ಅಣ್ಣಾವ್ರ ಪಕ್ಕದೂರು. ನಮ್ಗೂ ರಾತ್ರಿಯಿಂದ ನೀರ್ ಇಳಿದಿಲ್ಲ..."

ನಾವು ಓಡಿಹೋದೆವು.

ಆಮೇಲೆ 108 ದಿನ. ಶೂಟಿಂಗ್ ನಿಂತಿತು, ಚಿತ್ರಮಂದಿರಗಳು ಬಾಗಿಲು ಹಾಕಿದ್ದವು, ಎರಡು ರಾಜ್ಯಗಳ ನಡುವೆ ಬಸ್ಸು ನಿಂತಿದ್ದವು. ನವೆಂಬರ್ 15ರಂದು ಅಣ್ಣಾವ್ರು ಬಿಡುಗಡೆಯಾದಾಗ ಊರಿಗೆ ಊರೇ ಪಟಾಕಿ ಹೊಡೆಯಿತು. ನಾನೂ ಕುಣಿದೆ. ಆದರೆ ಆ ಹುಡುಗನ ಹಣೆ ಮರೆಯಲಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. 2006ರ ಏಪ್ರಿಲ್ 12ರಂದು ಅಣ್ಣಾವ್ರು ಹೋದರು. ಅಪಹರಣದ ಮೊಕದ್ದಮೆಯಲ್ಲಿ ಉಳಿದಿದ್ದ ಒಂಬತ್ತು ಆರೋಪಿಗಳನ್ನು 2018ರಲ್ಲಿ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ ಬಿಡುಗಡೆ ಮಾಡಿತು. ತಮಿಳು ಚಿತ್ರಗಳ ಹಳ್ಳಿ ದೃಶ್ಯಗಳ ಶೂಟಿಂಗಿಗೆ ಹೆಸರಾದ ಊರು ಅದು. ಕನ್ನಡ ಚಿತ್ರರಂಗದ ಅತಿ ದೊಡ್ಡ ನೋವಿನ ಫೈಲು ಮುಚ್ಚಿದ್ದೂ ಅಲ್ಲೇ! ನನ್ನ ಫೈಲು ಮಾತ್ರ ತೆರೆದೇ ಇತ್ತು.

"ಬುಡು ಕೂಸೇ"

ಸಂತೆಯಲ್ಲಿ ಆ ಡ್ರೈವರ್, ಆ ಹುಡುಗ ಸಿಕ್ಕರು ಅಂತ ಬರೆದರೆ ಅದು ಸಿನಿಮಾ ಆಗುತ್ತದೆ. ಸಿಗಲಿಲ್ಲ. ಹೆಸರು ಗೊತ್ತಿಲ್ಲದವರನ್ನು ಎಲ್ಲಿ ಹುಡುಕುವುದು?

ಆದರೆ ಚಹಾ ಅಂಗಡಿಯ ಬೆಂಚಿನಲ್ಲಿ ಒಬ್ಬರು ಹಳೆಯ ಲಾರಿ ಡ್ರೈವರ್ ಸಿಕ್ಕರು. ಎಪ್ಪತ್ತರ ಹತ್ತಿರ ವಯಸ್ಸು, ಹೆಗಲ ಮೇಲೆ ಟವೆಲ್ಲು. ಮಾತಿಗೆ ಮಾತು ಬೆಳೆದು ಎಲ್ಲ ಹೇಳಿಬಿಟ್ಟೆ. ಅಂಗಡಿಯವನು ಲೋಟ ತೊಳೆಯುವುದು ನಿಲ್ಲಿಸಿದ. ಎರಡೂ ಊರಿನ ಸಿನಿಮಾ ನೋಡುವ ಆ ಹುಡುಗ ನೆಲ ನೋಡಿದ.

ಯಜಮಾನರು ಬೀಡಿ ಆರಿಸಿದರು. "ನನ್ ಗಾಡಿಗೂ ಬಿದ್ದಿತ್ತು ಕಲ್ಲು. ನೀನು ಹೊಡ್ದಿದ್ದಲ್ಲ, ಬೇರೆ ಕಡೆ. ಹದಿನೈದು ದಿನ ಗಾಡಿ ನಿಂತೋಯ್ತು. ಹೊಲದಲ್ಲೇ ಕೋಸು ಕೊಳ್ತೋಯ್ತು. ಈ ಕಡೆ ಹೋದ್ರೆ ತಮಿಳ್ನೋನು ಅಂದು ಹೊಡೆಯೋರು. ಆ ಕಡೆ ಇಳಿದ್ರೆ, ಕನ್ನಡದೋನು, ಕಾಡಂಚಿನೋನು, ಇವ್ನಿಗೆ ಏನೋ ಗೊತ್ತದ ಅಂತ ಅನುಮಾನ."

"ತಪ್ಪಾಯ್ತು ಯಜಮಾನ್ರೇ" ಅಂದೆ. ಅಷ್ಟೇ ಹೊರಟದ್ದು ಬಾಯಿಂದ. "ನೀವು ಕನ್ನಡದವ್ರು ಅಂತ ಗೊತ್ತಿರಲಿಲ್ಲ."

ಅವರು ನನ್ನ ಮುಖ ನೋಡಿದರು. "ಬುಡು ಕೂಸೇ. ಆದ್ರೆ ಒಂದ್ ಮಾತು. ಕನ್ನಡದೋನಲ್ದೆ ತಮಿಳ್ನೋನೇ ಆಗಿದ್ರೆ? ಕೋಸು ಹೊತ್ಕಂಡು ಹೋಗೋನು ಏನ್ ತಪ್ಪು ಮಾಡಿದ್ದ? ಅವ್ನೇನು ಅಣ್ಣಾವ್ರನ್ನ ಲಾರೀಲಿ ಬಚ್ಚಿಟ್ಟಿದ್ನಾ?"

ಇಪ್ಪತ್ತೈದು ವರ್ಷ ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ನಮ್ಮವನಿಗೆ ಹೊಡೆದೆನಲ್ಲಾ ಎಂಬ ಸಂಕಟವೇ ಇತ್ತು. ಬೇರೆಯವನಾಗಿದ್ದರೆ ಸರಿಯಾಗುತ್ತಿತ್ತೇನೋ ಎಂಬಂತೆ! ಉತ್ತರ ಬರಲಿಲ್ಲ. ಚಹಾದ ಕಾಸನ್ನೂ ಅವರೇ ಕೊಟ್ಟರು. ಎಷ್ಟು ಹೇಳಿದರೂ ಬಿಡಲಿಲ್ಲ. "ನೀನು ನಮ್ಮೂರಿಗ್ ಬಂದಿರೋನು. ನಿಮ್ಮೂರಲ್ಲಿ ಟಿ.ಎನ್. ಗಾಡಿ ಕಂಡ್ರೆ ಅವ್ರಿಗೆ ಕೊಡ್ಸು, ಸರಿಹೋಯ್ತದ" ಅಂದರು.

ಗಜನೂರಿನಲ್ಲಿ ಅರ್ಧ ಗಂಟೆ

ಗಜನೂರಿಗೆ ಆಟೋ ಹಿಡಿದೆ. ತಾಳವಾಡಿಯಿಂದ ಹೆಚ್ಚು ದೂರವಿಲ್ಲ. ಸಣ್ಣ ಊರು. ಬೀದಿಯಲ್ಲಿ ಕೋಳಿಗಳು, ಜಗುಲಿಯ ಮೇಲೆ ಅಜ್ಜಂದಿರು. ಅಣ್ಣಾವ್ರ ಹಳೆಯ ಹೆಂಚಿನ ಮನೆ ಎದುರು ನಿಂತೆ. ಬೆಂಗಳೂರಿನಲ್ಲಿ ಎಂತೆಂಥ ಕಟೌಟುಗಳನ್ನು ನೋಡಿದ ಕಣ್ಣು ಇದು! ಕತ್ತು ಎತ್ತಿ ಎತ್ತಿ ನೋಡಿದ ಮನುಷ್ಯನ ಮನೆಯ ಮುಂದೆ ಕತ್ತು ಬಗ್ಗಿಸಿ ನಿಲ್ಲಬೇಕಾಯಿತು. ಅಷ್ಟು ತಗ್ಗಿನ ಸೂರು.

ಎಂಟು ವರ್ಷಕ್ಕೇ ಶಾಲೆ ಬಿಟ್ಟ ಹುಡುಗ ಇಂಥ ಊರಿನಿಂದ ಹೊರಟು ನಾಟಕದ ಕಂಪನಿ ಸೇರಿ, 1983ರಲ್ಲಿ ಪದ್ಮಭೂಷಣ, ಆಮೇಲೆ 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದದ್ದು ನಿಮಗೆಲ್ಲ ಬಾಯಿಪಾಠ. ಆದರೆ ಅಷ್ಟೆಲ್ಲ ಆದ ಮೇಲೂ ಅವರು ಬಿಡುವಾದಾಗ ಓಡಿ ಬರುತ್ತಿದ್ದದ್ದು ಈ ಮಣ್ಣಿಗೇ. ಕಾಡುಗಳ್ಳನಿಗೆ ಸಿಕ್ಕಿಬಿದ್ದದ್ದೂ ಊರಿನ ಮೇಲಿನ ಆ ಪ್ರೀತಿಯಿಂದಲೇ ತಾನೆ?

ಅಣ್ಣಾವ್ರ ತಂಗಿ ನಾಗಮ್ಮನವರು ಇದ್ದದ್ದು ಇದೇ ಊರಿನಲ್ಲಿ. 2025ರ ಆಗಸ್ಟಿನಲ್ಲಿ ತೀರಿಕೊಂಡರು. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಸುದ್ದಿಯನ್ನು ಆ ಮುದಿಜೀವ ತಡೆಯಲಾರದೆಂದು ಮನೆಯವರು ಮುಚ್ಚಿಟ್ಟಿದ್ದರೆಂದು ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಇಡೀ ನಾಡು ಅತ್ತಾಗ ಒಂದೂರು ಒಬ್ಬ ಮುದುಕಿಗಾಗಿ ಅಳು ನುಂಗಿಕೊಂಡಿತ್ತಲ್ಲ! ಅಭಿಮಾನ ಎಂದರೆ ಕೂಗುವುದೇ ಅಂತ ತಿಳಿದಿದ್ದೆ. ಸುಮ್ಮನಿರುವುದೂ ಅಭಿಮಾನವೇ ಅಂತ ಗಜನೂರು ಹೇಳಿಕೊಟ್ಟಿತು.

ನೀವೂ ಹೋಗಿ ಬನ್ನಿ

ಹೋಗುವವರಿಗೆ ನಾಲ್ಕು ಮಾತು. ಚಾಮರಾಜನಗರದಿಂದ ತಾಳವಾಡಿಗೆ ಬಸ್ಸುಂಟು. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬನ್ನಿ. ಘಾಟಿ ಇಳಿಯುವ ಆಸೆಯಿದ್ದರೆ ಹಗಲಿನಲ್ಲೇ ಇಳಿಯಿರಿ, ಆನೆ ಕಂಡರೆ ಸೆಲ್ಫಿ ಗಿಲ್ಫಿ ಬೇಡ. ದೀಪಾವಳಿಗೆ ಹೋದರೆ ಬಲಿಪಾಡ್ಯಮಿಯ ಮಾರನೇ ದಿನ ಇದೇ ತಾಲ್ಲೂಕಿನ ಗುಮಟಾಪುರದಲ್ಲಿ ಗೊರೆಹಬ್ಬ ನೋಡಿ. ಬೀರೇಶ್ವರನ ಗುಡಿಯ ಹತ್ತಿರ ಸಗಣಿ ರಾಶಿ ಹಾಕಿ, ಗಂಡಸರು ಮಕ್ಕಳೆನ್ನದೆ ಒಬ್ಬರಿಗೊಬ್ಬರು ಎರಚಾಡುತ್ತಾರೆ. ಆಮೇಲೆ ಸ್ನಾನ, ನಗು. ಕನ್ನಡದವರು, ತಮಿಳಿನವರು ಎಲ್ಲ ಬರುತ್ತಾರೆ. ಎರಚಲೇಬೇಕೆಂದರೆ ಅದೇ ಮೇಲು ತಮ್ಮಂದಿರೇ. ಯಾರ ಹಣೆಯೂ ಒಡೆಯುವುದಿಲ್ಲ!

ಅಣ್ಣಾವ್ರ ಮನೆ ನೋಡಿ ಫೋಟೋ ಹೊಡೆದು ಹಾಗೇ ಬರಬೇಡಿ. ತಾಳವಾಡಿ ಸಂತೆಯಲ್ಲಿ ಒಂದು ಗಂಟೆ ನಿಲ್ಲಿ. ಅಲ್ಲಿನ ಹುಡುಗರ ಜೊತೆ ಕೂತು ಚಹಾ ಕುಡಿಯಿರಿ. "ನಮ್ಮನ್ನ ಕರ್ನಾಟಕದೋರು ಮರೆತ್ರು" ಎಂಬ ಮಾತು ಅವರ ಬಾಯಲ್ಲಿ ಬಂದರೆ ವಾದ ಮಾಡಬೇಡಿ, ಕೇಳಿಸಿಕೊಳ್ಳಿ.

ಸಂಜೆ ವಾಪಸ್ ಬಸ್ಸು ಹತ್ತಿದೆ. ಕಂಡಕ್ಟರು ಊರಿನ ಹೆಸರು ಕೂಗಿದ್ದು ತಮಿಳಿನಲ್ಲೋ ಕನ್ನಡದಲ್ಲೋ ಅಂತ ಕಿವಿಗೊಟ್ಟರೂ ತಿಳಿಯಲಿಲ್ಲ. ಗಡಿ ಮತ್ತೆ ಯಾವಾಗಲೋ ದಾಟಿತ್ತು.

ಮಳವಳ್ಳಿಯಲ್ಲಿ ಇಳಿದಾಗ ರಾತ್ರಿ. ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಒಂದು ಲಾರಿ ನಿಂತಿತ್ತು. ಟಿ.ಎನ್. ನಂಬರು. ಡ್ರೈವರು ಟೈರಿಗೆ ಕೋಲಿನಿಂದ ತಟ್ಟಿ ನೋಡುತ್ತಿದ್ದ. ಹತ್ತಿರ ಹೋಗಿ "ಯಾವೂರಣ್ಣಾ?" ಅಂದೆ. ಅವನು ತಮಿಳಿನಲ್ಲಿ ಏನೋ ಹೇಳಿದ. ನನಗೆ ಅರ್ಥವಾದದ್ದು 'ಸೇಲಂ' ಎಂಬ ಒಂದೇ ಪದ.

"ಬನ್ನಿ ಅಣ್ಣಾ, ಟೀ" ಅಂದೆ. ಅದು ಅವನಿಗೂ ಅರ್ಥವಾಯಿತು.